ಚೊಕ್ಕ ಎಂದ ಹರಳು

“ಇದನ್ನ ನೋಡಿ ಆರಿಸಿದ್ದೇ ನಮ್ಮ ಭಾಯ್,” ಎನ್ನುತ್ತ ಲಾಭುಬೆನ್ ಉಂಗುರವನ್ನು ಗಾಜಿನ ಕೌಂಟರಿನ ಮೇಲಿಟ್ಟಳು. “ಇಪ್ಪತ್ನಾಲ್ಕು ವರ್ಷ ಆಯ್ತು. ಒಂದಿನಾನೂ ಮಂಕಾಗಿಲ್ಲ, ನೋಡಿ ಬೇಕಾದ್ರೆ.”

ಅಂಗಡಿಯ ಮಾಲೀಕ ಭಾರ್ಗವ ಸೋನಿ ಉಂಗುರವನ್ನು ಮುಟ್ಟುವ ಮೊದಲು, ಪಕ್ಕದಲ್ಲಿದ್ದ ಅವಳ ಅಣ್ಣ ವಶರಾಮಭಾಯಿಯ ಕಡೆ ತಿರುಗಿ ಕೈಮುಗಿದ. “ವಶರಾಮಕಾಕಾ ನೋಡಿದ ಮೇಲೆ ನಾನೇನು ನೋಡೋದಿದೆ ಬೆನ್? ಇವರು ಚೊಕ್ಕ ಅಂದ ಹರಳನ್ನ ಸೂರತ್ತಲ್ಲಿ ಯಾರೂ ಎರಡನೇ ಸಲ ತಿರುಗಿಸಿ ನೋಡಲ್ಲ.”

ವಶರಾಮಭಾಯಿ ನಗಲು ನೋಡಿದರು. ಬೆಳಿಗ್ಗೆ ಲಾಭು ಫೋನಿನಲ್ಲಿ ಹೇಳಿದ್ದು ಇಷ್ಟೇ: ಮಗಳು ಹೇತ್ವಿಯ ನಿಶ್ಚಯಕ್ಕೆ ಉಂಗುರ ಆಗಬೇಕು, ನೀನು ಬರದೆ ಆಗುವುದಿಲ್ಲ. ಹೊಸದನ್ನು ಕೊಳ್ಳುತ್ತಾರೆ ಎಂದುಕೊಂಡು ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹರಳಿನ ಒಳಗನ್ನು ಹತ್ತುಪಟ್ಟು ದೊಡ್ಡದಾಗಿ ತೋರಿಸುವ ತಮ್ಮ ಐಗ್ಲಾಸನ್ನು ಜೇಬಿಗೆ ಹಾಕಿಕೊಂಡು ಹುರುಪಿನಿಂದಲೇ ಹೊರಟು ಬಂದಿದ್ದರು. ಸತ್ತ ಗಂಡ ಕೊಡಿಸಿದ ಉಂಗುರವನ್ನೇ ಅವಳು ತರುತ್ತಾಳೆಂದು ಅವರಿಗೆ ಹೊಳೆದಿರಲಿಲ್ಲ.

ಅವರಿಗೀಗ ಅರವತ್ತೆರಡು. ಮೂವತ್ತೊಂದು ವರ್ಷ ನಾಗಜಿ ಶೇಠರ ಕಾರ್ಖಾನೆಯಲ್ಲಿ ಹರಳು ವಿಂಗಡಿಸುವ ಕೋಣೆಯಲ್ಲಿ ಕೂತವರು. ಅದರಲ್ಲಿ ಹದಿನೆಂಟು ವರ್ಷ ಆ ಕೋಣೆಗೇ ಮುಖ್ಯಸ್ಥರು. ಕೆಲಸ ಬಿಟ್ಟ ಮೇಲೂ ದಿನಾ ಬೆಳಿಗ್ಗೆ ವರಾಛಾದ ವಜ್ರದ ಪೇಟೆಗೆ ಹೋಗಿ ಒಂದು ಜಗಲಿಯ ಮೇಲೆ ಕೂರುತ್ತಿದ್ದರು. ದಲ್ಲಾಳಿಗಳು ಕಾಗದದ ಪೊಟ್ಟಣ ಬಿಚ್ಚಿ ಅವರ ಮುಂದೆ ಹಿಡಿದು, “ಕಾಕಾ, ಒಂದು ಮಾತು,” ಎನ್ನುತ್ತಿದ್ದರು. ಅವರದು ಒಂದೇ ಮಾತು. ಅದರ ಮೇಲೆ ವ್ಯಾಪಾರ ಕುದುರುತ್ತಿತ್ತು, ಇಲ್ಲ ಮುರಿಯುತ್ತಿತ್ತು.

“ಮಾಮಾ, ನಾನೂ ಸ್ವಲ್ಪ ಓದ್ಕೊಂಡು ಬಂದಿದೀನಿ,” ಎಂದಳು ಹೇತ್ವಿ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ. ಯಾವುದಕ್ಕೂ ಪುರಾವೆ ಕೇಳುವ ಅಭ್ಯಾಸ. “ನಾಲ್ಕು ವಿಷಯ ನೋಡ್ಬೇಕಂತೆ. ಕಟಿಂಗು, ಬಣ್ಣ, ಚೊಕ್ಕತನ, ತೂಕ. ಸರೀನಾ?”

“ಸರಿ. ಆದ್ರೆ ಜನ ಕೇಳೋದು ತೂಕ ಒಂದನ್ನೇ. ಎಷ್ಟು ಕ್ಯಾರೆಟ್ಟು, ಎಷ್ಟು ಕ್ಯಾರೆಟ್ಟು. ಒಂದು ಕ್ಯಾರೆಟ್ ಅಂದ್ರೆ ಕಾಲು ಗ್ರಾಮೂ ಇಲ್ಲ.”

ಸೋನಿ ಆಗಲೇ ಮೂರು ಬಿಡಿ ಹರಳುಗಳನ್ನು ತಂದು ಮುಂದಿಟ್ಟಿದ್ದ. ವಶರಾಮಭಾಯಿಯ ಕೈ ತಾನಾಗಿಯೇ ಚಿಮಟದತ್ತ ಹೋಯಿತು. ಬಿಳಿಯ ಕಾಗದವನ್ನು ನಡುವೆ ಮಡಿಸಿ, ಆ ಮಡಿಕೆಯಲ್ಲಿ ಹರಳುಗಳನ್ನು ಬೋರಲಾಗಿ ಸಾಲಾಗಿ ಇಟ್ಟರು. “ಬಣ್ಣಾನ ಮೇಲಿಂದ ನೋಡ್ಬಾರದು, ಥಳಕು ಕಣ್ಣು ಕಟ್ಟುತ್ತೆ. ಹೀಗೆ ಬೋರಲು ಹಾಕಿ ಪಕ್ಕದಿಂದ ನೋಡು. ಈ ಕೊನೇದು ಒಂಚೂರು ಹಳದಿ ಕಾಣ್ತಿದೆಯಾ?”

“ಇಲ್ಲ.”

“ಇನ್ನೊಂಚೂರು ನೋಡು.”

ಹೇತ್ವಿ ಬಗ್ಗಿ ಕಣ್ಣು ಕಿರಿದು ಮಾಡಿದಳು. “ಹಾಂ... ಹಾಂ ಮಾಮಾ! ತುಪ್ಪದ ಕೈ ತಾಗಿದ ಹಾಗಿದೆ.”

“ಅದೇ. ಕಟಿಂಗು ಅಂದ್ರೆ, ಒಳಗೆ ಹೋದ ಬೆಳಕು ತಿರುಗಿ ನಿನ್ನ ಕಣ್ಣಿಗೇ ಬರ್ಬೇಕು. ಹೊಟ್ಟೆ ಆಳ ಆದ್ರೆ ಒಳಗೇ ಕತ್ತಲೆ ಕೂರುತ್ತೆ. ಚಪ್ಪಟೆ ಆದ್ರೆ ಬೆಳಕು ಕೆಳಗಿಂದ ಸೋರಿಹೋಗುತ್ತೆ. ನಿಮ್ಮಪ್ಪ ಮನಸುಖ್ ವಜ್ರ ಉಜ್ಜೋ ಚಕ್ರದ ಮುಂದೆ ಕೂತ ಅಂದ್ರೆ ಹರಳಿನ ಒಂದು ಮುಖಾನೂ ಓರೆ ಆಗ್ತಿರ್ಲಿಲ್ಲ.”

ಗಂಡನ ಮಾತು ಬಂದದ್ದಕ್ಕೆ ಲಾಭುವಿನ ಮುಖ ಅರಳಿತು. ಹೇತ್ವಿ ಬಿಡಲಿಲ್ಲ. “ಲ್ಯಾಬಲ್ಲಿ ಬೆಳೆಸಿದ್ದೂ ಬರುತ್ತಂತಲ್ಲ, ಕಡಿಮೆಗೆ?”

“ಬರುತ್ತೆ,” ಎಂದ ಸೋನಿ. “ಅದೂ ವಜ್ರವೇ. ಆದ್ರೆ ನಾವು ಇದು ಬೆಳೆಸಿದ್ದು ಅಂತ ಹೇಳಿ ಮಾರ್ತೀವಿ. ಹೇಳಿ ಮಾರಿದ್ರೆ ವ್ಯಾಪಾರ, ಹೇಳ್ದೇ ಮಾರಿದ್ರೆ ಮೋಸ. ಏನು ಕಾಕಾ?”

ವಶರಾಮಭಾಯಿ ಹೂಂಗುಟ್ಟಿದರು. ಆಮೇಲೆ, ಈಗಷ್ಟೇ ನೆನಪಾಯಿತೆಂಬಂತೆ ತಂಗಿಗೆ ಹೇಳಿದರು: “ಲಾಭು, ಆ ಹಳೇದನ್ನ ನೀನೇ ಇಟ್ಕೋ. ಸೋದರಮಾವ ಅಂತ ನಾನಿದೀನಲ್ಲ, ಹೊಸ ಹರಳು ನಾನು ಕೊಡಿಸ್ತೀನಿ.”

“ಎಷ್ಟು ಬೇಕಾದ್ರೂ ಕೊಡ್ಸು, ಮದುವೆ ಮುಂದೆ ಇದೆ,” ಎಂದಳು ಲಾಭು. “ನಿಶ್ಚಯಕ್ಕೆ ಮಾತ್ರ ಅವರ ಉಂಗುರಾನೇ. ಇವಳು ಹುಟ್ಟಿದಾಗ ತಂದಿದ್ದು, ಇವಳಿಗೇ ಹೋಗ್ಬೇಕು ಅಂತ ಅವರೇ ಹೇಳ್ತಿದ್ರು. ಊರವರ ವಜ್ರ ಉಜ್ಜಿ ಉಜ್ಜಿ ಆ ಮನುಷ್ಯ ತನ್ನ ಮನೇಗೆ ತಂದಿದ್ದು ಇದೊಂದೇ.”

“ಹಾಗಾದ್ರೆ ಇದನ್ನೂ ಪರೀಕ್ಷೆಗೆ ಕಳಿಸಿ ಒಂದು ಸರ್ಟಿಫಿಕೇಟ್ ಮಾಡ್ಸೋಣ,” ಎಂದಳು ಹೇತ್ವಿ. “ನಾಲ್ಕು ದಿನದ ಕೆಲಸವಂತೆ. ಪಪ್ಪ ತಂದಾಗ ಮಾಡ್ಸಿಲ್ಲ ತಾನೆ?”

“ಯಾಕಮ್ಮ, ನಿನ್ನ ಮಾಮಾ ಸಾಲ್ದಾ?” ಎಂದುಬಿಟ್ಟರು ವಶರಾಮಭಾಯಿ.

ಸೋನಿ ಜೋರಾಗಿ ನಕ್ಕ. ಲಾಭು ಮಗಳ ತಲೆಗೆ ಮೆಲ್ಲಗೆ ಮೊಟಕಿದಳು. ಹೇತ್ವಿಯೂ ನಾಚಿ ನಕ್ಕು ಮಾಮಾನ ತೋಳು ಹಿಡಿದುಕೊಂಡಳು. ಆ ಹಿಡಿತ ವಶರಾಮಭಾಯಿಗೆ ಸುಟ್ಟಂತಾಯಿತು.

ಉಂಗುರದಲ್ಲಿ ಹೆಚ್ಚು ಕೆಲಸವಿರಲಿಲ್ಲ. ಹೇತ್ವಿಯ ತೆಳು ಬೆರಳಿಗೆ ಸ್ವಲ್ಪ ಚಿಕ್ಕದಾಗಬೇಕು; ಹರಳನ್ನು ಹಿಡಿದ ನಾಲ್ಕು ಚಿನ್ನದ ಕಾಲುಗಳಲ್ಲಿ ಒಂದು ಸವೆದಿತ್ತು, ಅದಕ್ಕೆ ಚೂರು ಚಿನ್ನ ಕೂರಿಸಬೇಕು. ಸೋನಿ ಮಾಳಿಗೆಯ ಕಡೆ ಮುಖ ಮಾಡಿ, “ನಿಮಾಯ್!” ಎಂದು ಕೂಗಿದ. ಮೇದಿನೀಪುರದಿಂದ ಬಂದು ಇಪ್ಪತ್ತೆರಡು ವರ್ಷದಿಂದ ಸೂರತ್ತಿನಲ್ಲೇ ಇರುವ ಅಕ್ಕಸಾಲಿ ನಿಮಾಯ್ ಸಾಮಂತ ಲುಂಗಿಯ ತುದಿಗೆ ಕೈ ಒರೆಸಿಕೊಳ್ಳುತ್ತ ಮರದ ಮೆಟ್ಟಿಲಿಳಿದು ಬಂದ. ನಲವತ್ತೈದರ ಸಣಕಲು ಮೈ, ಹೊಗೆಗೆ ಕೆಂಪಾದ ಕಣ್ಣು. ಉಂಗುರವನ್ನು ಬೆಳಕಿಗೆ ಹಿಡಿದು ತಿರುಗಿಸಿದ.

“ಹದಿನೈದು ನಿಮಿಷ, ಶೇಠ್. ಕೂತಿರಿ.”

“ಹರಳು ಬಿಚ್ಚಿ ಮಾಡಿದ್ರೆ ಒಳ್ಳೇದೇನೋ,” ಎಂದರು ವಶರಾಮಭಾಯಿ.

“ಬಿಚ್ಚೋಕೆ ಹೋದ್ರೆ ಹಳೇ ಕಾಲು ಮುರಿದೇಹೋಗುತ್ತೆ ಕಾಕಾ. ಇದ್ದ ಹಾಗೇ ಉರಿ ಹಿಡೀತೀನಿ. ವಜ್ರ ತಾನೆ, ಏನಾಗುತ್ತೆ?”

“ಕಾಕಾಗೆ ವಯಸ್ಸಾಯ್ತು, ವಜ್ರಕ್ಕೆ ಬೆಂಕಿ ಭಯ ಅಂತಾರೆ,” ಎಂದು ಸೋನಿ ನಕ್ಕ.

ಒಂದು ಸಾಲು ಸಾಕಿತ್ತು: ಬೇಡ, ಉರಿ ತಾಗಿಸಬೇಡ, ಅದರೊಳಗೆ ಗಾಜಿದೆ. ಆದರೆ ಅಷ್ಟರಲ್ಲಿ ಲಾಭು ಸೋನಿಗೆ ಹೇಳುತ್ತಿದ್ದಳು: “ನಮ್ಮನೆಯವರು ಯಾರು ಬಂದ್ರೂ ಕೈ ಹಿಡಿದು ತೋರಿಸೋರು, ನಮ್ಮ ಭಾವಮೈದ ನೋಡಿದ್ದು ಅಂತ. ವಜ್ರಕ್ಕಿಂತ ಅದೇ ಹೆಮ್ಮೆ ಅವರಿಗೆ.” ನಿಮಾಯ್ ಮೆಟ್ಟಿಲು ಹತ್ತಿಹೋದ. ಸಣ್ಣ ಉರಿ, ಒಂದು ಗಳಿಗೆ, ತಾಗದೆಯೂ ಇರಬಹುದು ಎಂದು ವಶರಾಮಭಾಯಿ ತಮಗೆ ತಾವೇ ಹೇಳಿಕೊಂಡರು. ಮೇಲಿನಿಂದ ಗ್ಯಾಸಿನ ಸದ್ದು ಸುಯ್ಯೆಂದು ಶುರುವಾಯಿತು.

ಆ ಹರಳನ್ನು ಅವರು ಮೊದಲು ನೋಡಿದ್ದು ನಾಗಜಿ ಶೇಠರ ಕಾರ್ಖಾನೆಯಲ್ಲಿ, ಉತ್ತರದ ಕಿಟಕಿಯ ಪಕ್ಕ. ಹೇತ್ವಿ ಹುಟ್ಟಿ ತಿಂಗಳಾಗಿತ್ತು. ಹದಿನಾಲ್ಕನೆಯ ವಯಸ್ಸಿನಿಂದ ವಜ್ರ ಉಜ್ಜುತ್ತ ಬಂದ ಮನಸುಖ್, ಉಗುರಿನ ಸಂದಿಯ ಕಪ್ಪನ್ನು ಎಷ್ಟು ತಿಕ್ಕಿದರೂ ಹೋಗಲಾಡಿಸಲಾರದ ಮನಸುಖ್, ಹೆಂಡತಿಗೊಂದು ಹರಳು ಬೇಕೆಂದು ಅವರ ಬಳಿ ಬಂದಿದ್ದ. “ನಾನು ಉಜ್ಜೋದಷ್ಟೇ ಬಲ್ಲೆ ಭಾಯ್, ಆರಿಸೋದು ನಿಮ್ಮ ಕೆಲಸ.” ಅವನನ್ನು ನಾಗಜಿ ಶೇಠರ ಬಳಿಗೆ ಕರೆದುಕೊಂಡು ಹೋದವರು ವಶರಾಮಭಾಯಿಯೇ. ಶೇಠರು ಒಳಗಿನ ಕಪಾಟಿನಿಂದ ಅರ್ಧ ಕ್ಯಾರೆಟ್ಟಿನ ಒಂದು ಹರಳು ತೆಗೆದು, “ಮನೆಯವರಿಗೆ ಅಂತ ಎತ್ತಿಟ್ಟಿದ್ದು,” ಎಂದರು.

ಐಗ್ಲಾಸಿನಲ್ಲಿ ಮೊದಲು ಏನೂ ಕಾಣಲಿಲ್ಲ. ಬಣ್ಣ ಚೆನ್ನಾಗಿತ್ತು, ಕಟಿಂಗು ಚೆನ್ನಾಗಿತ್ತು. ಹರಳನ್ನು ಸ್ವಲ್ಪ ವಾಲಿಸಿದಾಗ ಆಳದಲ್ಲಿ ಒಂದು ನೇರಳೆ ಮಿಂಚು ಹರಿದು ಮಾಯವಾಯಿತು, ನೀರಿನ ಮೇಲೆ ಎಣ್ಣೆ ಹರಡಿದಾಗ ಕಾಣುವಂಥದು. ಮತ್ತೆ ವಾಲಿಸಿದರು. ಮತ್ತೆ ಅದೇ ನೇರಳೆ. ಬಿರುಕು ಬಿಟ್ಟ ಹರಳಿಗೆ ಕಣ್ಣಿಗೆ ಕಾಣದಂತೆ ಗಾಜು ತುಂಬಿಸಿದ ಮಾಲು. ಹೊರದೇಶದಿಂದ ಅಂಥದು ಬರುತ್ತಿದೆಯೆಂದು ಪೇಟೆಯಲ್ಲಿ ಪಿಸುಮಾತು ಇದ್ದ ಕಾಲ ಅದು. ಅವರು ತಲೆ ಎತ್ತಿದಾಗ ಶೇಠರು ಹರಳನ್ನು ನೋಡುತ್ತಿರಲಿಲ್ಲ, ಇವರ ಮುಖವನ್ನು ನೋಡುತ್ತಿದ್ದರು. ವಿಂಗಡಣೆ ಕೋಣೆಯ ಮುಖ್ಯಸ್ಥ ಹೋದವಾರವಷ್ಟೇ ಕೆಲಸ ಬಿಟ್ಟಿದ್ದ, ಆ ಜಾಗಕ್ಕೆ ಇನ್ನೂ ಯಾರ ಹೆಸರೂ ಆಗಿರಲಿಲ್ಲ.

“ಹೇಗಿದೆ ವಶರಾಮ?”

ಹಿಂದೆ ಮನಸುಖ್ ಉಸಿರು ಬಿಗಿಹಿಡಿದು ನಿಂತಿದ್ದ.

“ಚೊಕ್ಕ,” ಎಂದಿದ್ದರು ವಶರಾಮಭಾಯಿ. ಮುಂದಿನ ಸೋಮವಾರ ಆ ಜಾಗಕ್ಕೆ ಅವರು ಹೋಗಿ ಕೂತರು.

ಅಲ್ಲಿಗೆ ಮುಗಿಯಲಿಲ್ಲ. ಗಾಜು ಬಿಸಿ ತಾಳುವುದಿಲ್ಲವೆಂದು ಗೊತ್ತಿದ್ದರಿಂದ ತಂಗಿಗೆ ತಾವೇ ಕಟ್ಟುಪಾಡು ಹೇಳಿಕೊಟ್ಟರು. ಒಲೆ ಮುಂದೆ ಹಾಕಿಕೊಳ್ಳಬೇಡ, ಬಿಸಿನೀರು ತಾಗಿಸಬೇಡ, ಯಾವ ಅಂಗಡಿಯವನಿಗೂ ತೊಳೆಯಲು ಕೊಡಬೇಡ. ಲಾಭು ಅದನ್ನು ವ್ರತದಂತೆ ನಡೆಸಿದಳು. ದಿನಕ್ಕೆ ಎರಡು ಹೊತ್ತು ರೊಟ್ಟಿ ತಟ್ಟುವ ಮೊದಲು ಉಂಗುರ ತೆಗೆದು ದೇವರ ಗೂಡಿನ ಮೊಳೆಗೆ ಸಿಕ್ಕಿಸಿ ಕೈಮುಗಿಯುತ್ತಿದ್ದಳು. ಮನಸುಖ್ ಬದುಕಿದ್ದಷ್ಟು ವರ್ಷ ಪ್ರತಿ ರಾಖಿಗೂ ಅದೇ ಉಂಗುರದ ಕೈಯಿಂದ ಅಣ್ಣನಿಗೆ ದಾರ ಕಟ್ಟಿದಳು. ವಶರಾಮಭಾಯಿ ಆರತಿಯ ತಟ್ಟೆಯನ್ನೇ ನೋಡುತ್ತ ಕೂತಿರುತ್ತಿದ್ದರು. ಆರು ವರ್ಷದ ಹಿಂದೆ ಮನಸುಖ್ ಶ್ವಾಸಕೋಶ ಕೆಟ್ಟು ಸತ್ತ. ಹೆಣದ ಪಕ್ಕ ಕೂತಾಗ ಅವರಿಗೆ ದುಃಖದ ಜೊತೆಗೆ ಸಣ್ಣದೊಂದು ಬಿಡುಗಡೆಯೂ ಆಗಿತ್ತು. ಇನ್ನು ಇವನಿಗೆ ಗೊತ್ತಾಗುವ ಹಾಗಿಲ್ಲ. ಆ ಯೋಚನೆ ಬಂದದ್ದಕ್ಕೆ ಅವರು ತಮ್ಮನ್ನು ಇನ್ನೂ ಕ್ಷಮಿಸಿಕೊಂಡಿರಲಿಲ್ಲ.

ಮೇಲೆ ಗ್ಯಾಸಿನ ಸದ್ದು ನಿಂತಿತು. ಬಹಳ ಹೊತ್ತು ಯಾರೂ ಇಳಿದು ಬರಲಿಲ್ಲ.

ನಿಮಾಯ್ ಬಂದಾಗ ಉಂಗುರವನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದ, ಬಿದ್ದ ಹಕ್ಕಿಮರಿಯನ್ನು ಹಿಡಿದವನಂತೆ. “ಶೇಠ್,” ಎಂದ. ಉಂಗುರವನ್ನು ಕೌಂಟರಿನ ಮೇಲಿಟ್ಟ.

ಹರಳಿನ ನಡುವಿನಿಂದ ಅಂಚಿನವರೆಗೆ ಬಿಳಿಯ ಬಲೆ ಹಬ್ಬಿತ್ತು. ಹಾಲು ಒಡೆದು ಅದರೊಳಗೇ ಹೆಪ್ಪುಗಟ್ಟಿದ ಹಾಗೆ. ಲಾಭು ಮೊದಲು ಅದು ತನ್ನದಲ್ಲ ಎಂಬಂತೆ ನೋಡಿದಳು. “ಇದ್ಯಾವುದು?” ಎಂದಳು.

ಸೋನಿ ಕೌಂಟರಿಗೆ ಅಂಗೈಯಿಂದ ಬಡಿದ. “ಏನು ಮಾಡಿದೆ ನಿಮಾಯ್? ಏನು ಮಾಡಿದೆ ಅಂತ! ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ್ಯಾ?”

“ಇಲ್ಲ ಶೇಠ್, ನನ್ನ ಮಕ್ಕಳಾಣೆ. ಎಲ್ಲ ಉಂಗುರಕ್ಕೂ ಹೇಗೆ ಹಿಡೀತೀನೋ ಹಾಗೇ. ಒಂದು ಕ್ಷಣ ಅಷ್ಟೇ, ಒಳಗಿಂದ ಬೆಳ್ಳಗೆ ಎದ್ದು ಬಂತು.”

“ಕಣ್ಣು ಹೋಗಿದ್ರೆ ಊರಿಗೆ ಹೋಗು. ಸತ್ತ ಮನುಷ್ಯನ ಗುರುತು ಅದು! ನಾಳೆಯಿಂದ ಮೆಟ್ಟಿಲು ಹತ್ತಬೇಡ ನೀನು.” ಸೋನಿಯ ಮುಖ ಕಪ್ಪಿಟ್ಟಿತ್ತು. ಅವನು ಲಾಭುವಿನ ಕಡೆ ತಿರುಗಿ ಸ್ವರ ತಗ್ಗಿಸಿದ. “ಬೆನ್, ತಪ್ಪು ನನ್ನ ಅಂಗಡೀದು. ನಿಮ್ಮವರು ಕೊಟ್ಟಿದ್ದನ್ನ ತಿರುಗಿ ಕೊಡೋ ಶಕ್ತಿ ನನಗಿಲ್ಲ. ಹರಳಿಗೆ ಹರಳು ಕೊಡ್ತೀನಿ. ಕಾಕಾ, ನೀವೇ ಹೇಳಿ, ಅದು ಯಾವ ದರ್ಜೇದು? ನೀವಂದಿದ್ದೇ ಕೊನೆ. ಪೊಟ್ಟಣ ಬಿಚ್ತೀನಿ, ನಿಮ್ಮ ಕೈಯಾರೆ ಆರಿಸ್ಕೊಳ್ಳಿ.”

ಎಲ್ಲರೂ ವಶರಾಮಭಾಯಿಯನ್ನು ನೋಡಿದರು.

ಅವರ ತಲೆಯೊಳಗೆ ಒಂದು ದಾರಿ ಎಷ್ಟು ಬೇಗ ತೆರೆದುಕೊಂಡಿತೆಂದರೆ ಅವರಿಗೇ ಹೆದರಿಕೆಯಾಯಿತು. ಲಾಭುವಿಗೆ ಈಗ ನಿಜವಾದ ಹರಳು ಸಿಗುತ್ತದೆ. ಅಂದೇ ಸಿಗಬೇಕಾಗಿದ್ದದ್ದು. ಹೇತ್ವಿಯ ಬೆರಳಿಗೆ ಚೊಕ್ಕದ್ದೇ ಬೀಳುತ್ತದೆ. ಬಿರುಕು, ಗಾಜು, ನೇರಳೆ ಮಿಂಚು ಎಲ್ಲ ಈ ಬಿಳಿಯ ಕಲೆಯಲ್ಲಿ ಹೂತುಹೋಗುತ್ತದೆ. ಅಕ್ಕಸಾಲಿಗೆ ಇನ್ನೊಂದು ಅಂಗಡಿ ಸಿಕ್ಕೀತು.

“ಅರ್ಧ ಕ್ಯಾರೆಟ್ಟು,” ಎಂದರು. ಸ್ವರ ತಮ್ಮದಲ್ಲವೆನಿಸಿತು. “ಎಫ್ ಬಣ್ಣ, ಹಳದಿ ಸೋಂಕೇ ಇಲ್ಲದ್ದು. ಒಳಗೆ... ಚೊಕ್ಕ.”

ಸೋನಿ ಎರಡು ಮಾತಾಡದೆ ತಿಜೋರಿಯಿಂದ ನೀಲಿ ಒಳಕಾಗದದ ಪೊಟ್ಟಣ ತಂದು ಬಿಚ್ಚಿದ. ಹನ್ನೆರಡು ಹರಳುಗಳು ಮಿನುಗಿದವು. ವಶರಾಮಭಾಯಿ ಐಗ್ಲಾಸನ್ನು ಕಣ್ಣಿಗೆ ಹಿಡಿದು ಚಿಮಟದಿಂದ ಒಂದೊಂದನ್ನೇ ಎತ್ತತೊಡಗಿದರು. ಲಾಭು ನಿಮಾಯ್‌ನನ್ನು ನೋಡಿ, “ಅವರನ್ನ ಬೈಬೇಡಿ ಭಾಯ್,” ಎಂದಳು ಸೋನಿಗೆ. “ಬೇಕು ಅಂತ ಮಾಡ್ತಾರಾ ಯಾರಾದ್ರೂ?”

“ಶೇಠ್, ಒಂದ್ಸಲ ನಾನು ಗ್ಲಾಸಲ್ಲಿ ನೋಡ್ಲಾ?” ಎಂದ ನಿಮಾಯ್. ನಿಮಾಯ್ ಕೌಂಟರಿನ ಮೇಲಿದ್ದ ಗ್ಲಾಸು ತೆಗೆದುಕೊಂಡು ಉಂಗುರವನ್ನು ಕಿಟಕಿಗೆ ಹಿಡಿದು ತುಂಬ ಹೊತ್ತು ನೋಡಿದ. “ಒಳಗೆ ಏನೋ ಉರಿದುಹೋಗಿದೆ, ಶೇಠ್. ಗೆರೆಯೊಳಗೆ ಏನೋ ತುಂಬಿದ್ದ ಹಾಗಿದೆ. ಬರೀ ವಜ್ರ ಆದ್ರೆ ಹೀಗೆ—”

“ಬಾಯಿ ಮುಚ್ಚು! ಯಾರ ಮುಂದೆ ಏನು ಹೇಳ್ತಿದೀಯ ಗೊತ್ತಾ? ಅದನ್ನ ಆರಿಸಿದ್ದು ವಶರಾಮಕಾಕಾ!”

ನಿಮಾಯ್ ಗ್ಲಾಸನ್ನು ಕೆಳಗಿಟ್ಟ. ವಶರಾಮಭಾಯಿಯ ಕಡೆ ತಿರುಗಿ ಎರಡೂ ಕೈ ಜೋಡಿಸಿದ. ಬೆರಳ ತುದಿಗಳು ಸುಟ್ಟು ಗಟ್ಟಿಯಾಗಿ ಹೋಗಿದ್ದವು. “ಇಲ್ಲ ಕಾಕಾ, ನಿಮ್ಮ ಮಾತಿಗೆ ಎದುರಾಡ್ತಿಲ್ಲ ನಾನು. ನಿಮ್ಮ ಹೆಸರು ಕೇಳಿದೀನಿ. ನೀವು ಚೊಕ್ಕ ಅಂದ್ಮೇಲೆ ಚೊಕ್ಕಾನೇ. ನನ್ನ ಕೈಯೇ ತಪ್ಪಿರ್ಬೇಕು.”

ಮೂವತ್ತೊಂದು ವರ್ಷದಲ್ಲಿ ವಶರಾಮಭಾಯಿಯ ಚಿಮಟದಿಂದ ಒಂದು ಹರಳೂ ಹಾರಿರಲಿಲ್ಲ. ಈಗ ಹಾರಿತು. ಗಾಜಿನ ಮೇಲೆ ಟಿಣ್ಣೆಂದು ಪುಟಿದು ಹೇತ್ವಿಯ ಕೈಯ ಹತ್ತಿರ ಹೋಗಿ ನಿಂತಿತು. ಅವರು ಚಿಮಟವನ್ನು ಪೊಟ್ಟಣದ ಪಕ್ಕ ಇಟ್ಟರು. ಐಗ್ಲಾಸನ್ನೂ ಇಟ್ಟರು.

“ಅವನ ಕೈ ತಪ್ಪಿಲ್ಲ,” ಎಂದರು.

“ಏನಂದ್ರಿ ಕಾಕಾ?”

“ಅವನಂದಿದ್ದು ಸರಿ. ಅದು ಬಿರುಕಿನ ಹರಳು. ಒಳಗೆ ಗಾಜು ತುಂಬಿತ್ತು. ಬಿಸಿಗೆ ಗಾಜು ಉರೀತು. ಅವನನ್ನ ಕೆಲಸದಿಂದ ತೆಗೀಬೇಡ.”

ಸೋನಿ ಬೆಪ್ಪಾಗಿ ನೋಡಿದ. “ನಿಮಗೂ ಗೊತ್ತಾಗ್ಲಿಲ್ವಾ ಕಾಕಾ ಆಗ?” ಎಂದ, ತಪ್ಪಿಸಿಕೊಳ್ಳಲು ಬಾಗಿಲು ತೆರೆದುಕೊಡುವವನಂತೆ. ನಿಜಕ್ಕೂ ಅದೊಂದು ಬಾಗಿಲಾಗಿತ್ತು. ಗೊತ್ತಾಗಲಿಲ್ಲ ಎಂದರೆ ಕಣ್ಣಿನ ಸೋಲು, ಅಷ್ಟೇ. ವಯಸ್ಸಾದವರ ಅಂಥ ಹಳೆಯ ತಪ್ಪನ್ನು ಜನ ಮನ್ನಿಸಿಬಿಡುತ್ತಾರೆ.

“ಗೊತ್ತಿತ್ತು,” ಎಂದರು ವಶರಾಮಭಾಯಿ. “ನೋಡಿದ ಕೂಡ್ಲೇ ಗೊತ್ತಾಯ್ತು. ಶೇಠರು ಎದುರಿಗೆ ನಿಂತಿದ್ರು. ನಾನು ಹೇಳಲಿಲ್ಲ. ಈಗ ನಿಮಾಯ್ ಮೇಲೆ ಹತ್ತಿದಾಗ್ಲೂ ಹೇಳಲಿಲ್ಲ.”

ಬೀದಿಯಲ್ಲಿ ಆಟೋಗಳ ಹಾರ್ನು ಕೇಳುತ್ತಿತ್ತು. ಅಣ್ಣನ ಮುಖದಲ್ಲಿ ಏನನ್ನೋ ಹುಡುಕುವಂತೆ ಲಾಭು ನೋಡುತ್ತಲೇ ಇದ್ದಳು. ಕೊನೆಗೆ ಕೇಳಿದಳು: “ಅವರಿಗೆ ಗೊತ್ತಿತ್ತಾ?”

“ಇಲ್ಲ.”

“ಸಾಯೋ ತನಕ?”

“ಇಲ್ಲ ಲಾಭು. ಅವನಿಗೆ ಕೊನೇವರೆಗೂ ಗೊತ್ತಿರ್ಲಿಲ್ಲ.”

ಅವಳು ತಲೆಯಾಡಿಸಿದಳು. “ಒಲೆ ಹತ್ರ ತರ್ಬೇಡ ಅಂದಿದ್ಯಲ್ಲ.” ಆಮೇಲೆ ಇನ್ನೂ ಮೆಲ್ಲಗೆ, “ನಾನು ವಜ್ರಕ್ಕೆ ಮರ್ಯಾದೆ ಅಂದ್ಕೊಂಡಿದ್ದೆ. ದಿನಾ ಎರಡು ಹೊತ್ತು,” ಎಂದಳು.

“ಮಾಮಾ, ಸರ್ಟಿಫಿಕೇಟ್ ಬೇಕು ಅಂದಾಗ ನಕ್ರಿ ನೀವು,” ಎಂದಳು ಹೇತ್ವಿ. “ನಾವೂ ನಕ್ಕೆವು.”

ಲಾಭು ಅಳಲಿಲ್ಲ. ಕೂಗಾಡಲಿಲ್ಲ. ಕೂಗಾಡಿದ್ದರೆ ವಶರಾಮಭಾಯಿಗೆ ನಿಲ್ಲಲು ಒಂದು ನೆಲ ಸಿಗುತ್ತಿತ್ತು. ಅವಳು ಬಿಳಿಚಿದ ಹರಳಿನ ಉಂಗುರವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಿಮಾಯ್‌ನತ್ತ ತಿರುಗಿದಳು. “ನಿಮ್ಮ ಕೂಲಿ ಎಷ್ಟಾಯ್ತು ಭಾಯ್?”

“ಏನೂ ಬೇಡ ದೀದಿ.”

“ಹಾಗಂದ್ರೆ ಹೇಗೆ? ಕೆಲಸ ಮಾಡಿದೀರಲ್ಲ. ಕಾಲು ಚೆನ್ನಾಗಿ ಕೂರಿಸಿದೀರಿ.” ನೋಟನ್ನು ಅವನ ಕೈಗೆ ಒತ್ತಿ, ಮಗಳನ್ನು ಕರೆದುಕೊಂಡು ಹೊರಗೆ ನಡೆದಳು. ಭಾಯ್ ಎಂದು ಅವಳು ಕರೆದದ್ದು ಅಕ್ಕಸಾಲಿಯನ್ನು; ಸ್ವಂತ ಅಣ್ಣನನ್ನು ಹಾಗೆ ಕರೆಯಲಿಲ್ಲ. ವಶರಾಮಭಾಯಿ ಬಾಗಿಲಿಗೆ ಬರುವಷ್ಟರಲ್ಲಿ ತಾಯಿ ಮಗಳು ಕೂತ ಆಟೋ ತಿರುವು ದಾಟಿತ್ತು.

ಒಳಗೆ ಸೋನಿ ನಿಮಾಯ್‌ಗೆ, “ಹೋಗು, ಮೇಲೆ ಕೆಲಸ ನೋಡು,” ಎಂದದ್ದು ಕೇಳಿತು. ಬೈದದ್ದಕ್ಕೆ ಅವನು ಕೇಳಿದ ಕ್ಷಮೆ ಅಷ್ಟೇ. ವಶರಾಮಭಾಯಿ ಹಿಂದಕ್ಕೆ ಹೋಗಿ ಅಕ್ಕಸಾಲಿಯ ಮುಂದೆ ಕೈಮುಗಿದರು. ಅವನಿಗೆ ಸಂಕೋಚವಾಯಿತು. “ಬೇಡ ಕಾಕಾ, ಹೀಗೆಲ್ಲ ಮಾಡ್ಬೇಡಿ,” ಎಂದು ಬೇಗ ಬೇಗ ಮೆಟ್ಟಿಲು ಹತ್ತಿದ.

ಮನೆಯಲ್ಲಿ ಹೆಂಡತಿ ಜಶುಬೆನ್‌ಗೆ ಹೇಳಿದರು. ಅವಳು ಬಿಡಿಸುತ್ತಿದ್ದ ತೊಗರಿಕಾಯಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, “ನನಗೂ ಹೇಳ್ಲಿಲ್ವಲ್ಲ ನೀವು, ಇಷ್ಟು ವರ್ಷ,” ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಿಡಿಸತೊಡಗಿದಳು. ರಾತ್ರಿ ಊಟಕ್ಕೆ ಬಡಿಸುವಾಗ ಮುಖ ಎತ್ತಲಿಲ್ಲ.

ಮಾತು ಪೇಟೆಗೆ ಹೋಗಲು ಎರಡು ದಿನ ಸಾಕಾಯಿತು. ಮೂರನೆಯ ದಿನ ವಶರಾಮಭಾಯಿ ಜಗಲಿಯ ಕಡೆ ಕಾಲೆಳೆದುಕೊಂಡು ಹೋದರು. ತಿರುಗಿ ನಿಲ್ಲುತ್ತಾರೆ, ಎದ್ದು ಹೋಗುತ್ತಾರೆ, ಯಾರಾದರೊಬ್ಬರು ಮುಖಕ್ಕೆ ಉಗಿದಂತೆ ಮಾತಾಡುತ್ತಾರೆ ಎಂದು ಸಿದ್ಧರಾಗಿದ್ದರು. ಹಾಗೇನೂ ಆಗಲಿಲ್ಲ. ಒಬ್ಬ ದಲ್ಲಾಳಿ ಚಹಾದ ಬಸಿ ಮುಂದೆ ಚಾಚಿ ಕಣ್ಣು ಮಿಟುಕಿಸಿದ. “ಏನು ಕಾಕಾ, ತಂಗೀಗೇ ಗಾಜಿನ ಮಾಲು ದಾಟಿಸಿದ್ರಂತೆ? ನಾವು ನಿಮ್ಮನ್ನ ಸಾಧು ಅಂದ್ಕೊಂಡಿದ್ವಿ, ನೀವು ನಮ್ಮವರೇ!” ಸುತ್ತಲಿದ್ದವರು ನಕ್ಕರು. “ಧಂಧೆಯಲ್ಲಿ ಯಾರು ಮಾಡಿಲ್ಲ ಬಿಡಿ,” ಎಂದ ಇನ್ನೊಬ್ಬ. ಆ ನಗೆಯಲ್ಲಿ ಸಿಟ್ಟಿರಲಿಲ್ಲ, ಸಲುಗೆಯಿತ್ತು. ವಶರಾಮಭಾಯಿ ಚಹಾ ಕುಡಿಯಲಾಗದೆ ಬಸಿಯನ್ನು ಜಗಲಿಯ ಮೇಲಿಟ್ಟು ಎದ್ದರು. ಮರುದಿನದಿಂದ ಅತ್ತ ಹೋಗಲಿಲ್ಲ.

ಲಾಭುವಿನ ಮನೆ ನಡೆದು ಹೋಗುವಷ್ಟೇ ದೂರ. ಎರಡು ಸಲ ಆ ಗಲ್ಲಿಯ ಬಾಯಿಯ ತನಕ ಹೋದರು. ಒಂದು ಸಲ ಮಹಡಿಯಲ್ಲಿ ಅವಳು ಬಟ್ಟೆ ಹರವುತ್ತಿದ್ದದ್ದು ಕಂಡಿತು. ಅಲ್ಲಿಂದಲೇ ತಿರುಗಿದರು. ಏನು ಹೇಳುವುದು? ಕ್ಷಮಿಸು ಎನ್ನಬಹುದಿತ್ತು. ಆದರೆ ಹಾಗೆ ಕೇಳಿದರೆ, ಇಷ್ಟು ವರ್ಷ ಅಣ್ಣನಿಗೆ ನಂಬಿಕೆ ಕೊಟ್ಟವಳು ಈಗ ಕ್ಷಮೆಯನ್ನೂ ಕೊಡಬೇಕಾಗುತ್ತದೆ ಎನಿಸಿತು.

ಹತ್ತನೆಯ ದಿನ ಹೇತ್ವಿಯ ಫೋನು ಬಂತು.

“ಮಾಮಾ, ನಾಳೆ ಹನ್ನೊಂದಕ್ಕೆ ಸೋನಿ ಅಂಗಡಿಗೆ ಬನ್ನಿ. ಹರಳು ತಗೋತಿದೀವಿ. ಸಣ್ಣದು.”

“ಬರ್ತೀನಮ್ಮ. ನಾನು—”

“ನೀವು ಆರಿಸೋ ಹಾಗಿಲ್ಲ, ಕೊಡಿಸೋ ಹಾಗೂ ಇಲ್ಲ. ಹೇಗೆ ನೋಡೋದು ಅಂತ ನನಗೆ ಕಲಿಸ್ಬೇಕು. ಅಷ್ಟೇ.” ಫೋನಿಡುವ ಮೊದಲು ಹೇಳಿದಳು: “ಮಮ್ಮಿ ಹೇಳಿದ್ದು.”

ಮರುದಿನ ಅವರು ಹೋದಾಗ ತಾಯಿ ಮಗಳು ಆಗಲೇ ಬಂದು ಕೂತಿದ್ದರು. ಲಾಭು ಅಣ್ಣನ ಕಡೆ ನೋಡಲಿಲ್ಲ. ಅವಳ ಎಡಗೈಯಲ್ಲಿ ಯಾವಾಗಲೂ ಇರುತ್ತಿದ್ದ ಎರಡು ಚಿನ್ನದ ಬಳೆ ಕಾಣಲಿಲ್ಲ; ಹರಳಿನ ಹಣಕ್ಕೆ ಹೋಗಿರಬೇಕು. ಪಕ್ಕದಲ್ಲಿ ಉಳಿದಿದ್ದ ಒಂದೇ ಕುರ್ಚಿಯ ಮೇಲೆ ಅವಳ ಕೈಚೀಲವಿತ್ತು. ಸೋನಿ ಈ ಸಲ ಕೈಮುಗಿಯಲಿಲ್ಲ, “ಬನ್ನಿ,” ಎಂದ. ವಶರಾಮಭಾಯಿ ಹೇತ್ವಿಯ ಹಿಂದೆ ನಿಂತುಕೊಂಡರು.

“ಗ್ಲಾಸನ್ನ ಕಣ್ಣಿಗೆ ಪೂರ್ತಿ ಹತ್ರ ಹಿಡಿ. ಇನ್ನೂ. ರೆಪ್ಪೆಗೆ ತಾಗೋ ಹಾಗೆ. ಈಗ ಹರಳನ್ನ ಗ್ಲಾಸಿನ ಹತ್ರ ತಾ, ಗ್ಲಾಸನ್ನ ಹರಳಿನ ಹತ್ರ ಒಯ್ಯಬೇಡ. ಮೊಣಕೈ ಮೇಜಿನ ಮೇಲೆ ಊರು, ಇಲ್ದಿದ್ರೆ ನಡುಗುತ್ತೆ.”

“ಏನೂ ಕಾಣ್ತಿಲ್ಲ. ಬರೀ ಬೆಳಕು.”

“ಬೆಳಕನ್ನ ನೋಡ್ಬೇಡ. ಅದರ ಹಿಂದೆ ಏನಿದೆ ನೋಡು. ಅವಸರ ಬೇಡ. ಸ್ವಲ್ಪ ವಾಲಿಸು. ಈ ಕಡೆ... ಈಗ ಆ ಕಡೆ. ಯಾವುದಾದ್ರೂ ಬಣ್ಣ ಗೆರೆ ಹಿಡಿದು ಓಡಿಹೋಗುತ್ತಾ ನೋಡ್ಕೋ. ನೇರಳೆ, ಇಲ್ಲ ಕಿತ್ತಳೆ. ಓಡಿದ್ರೆ ಅದನ್ನ ಮುಟ್ಟಬೇಡ. ಎದುರಿಗೆ ಯಾರೇ ನಿಂತಿರ್ಲಿ.”

ಕೊನೆಯ ಮಾತು ಹೇಳುವಾಗ ಅವರ ಸ್ವರ ಕುಗ್ಗಿತು. ಹೇತ್ವಿ ಮೊದಲನೆಯ ಹರಳನ್ನು ನೋಡುತ್ತಲೇ ಇದ್ದಳು. “ಅಂಚಲ್ಲಿ ಒಂದು ಚುಕ್ಕೆ ಇದೆ,” ಎಂದಳು. “ಕಪ್ಪಗೆ. ಸಾಸಿವೆಗಿಂತ ತುಂಬ ಚಿಕ್ಕದು.”

“ಅದೇನೂ ಅಲ್ಲ ಬೆನ್,” ಎಂದ ಸೋನಿ. “ಬರಿಗಣ್ಣಿಗೆ ಕಾಣಲ್ಲ. ಮೇಲೆ ಚಿನ್ನದ ಕಾಲು ಬಂದ್ರೆ ಮುಚ್ಚಿಹೋಗುತ್ತೆ.”

ಹೇತ್ವಿ ಗ್ಲಾಸು ತೆಗೆದು ಹಿಂದಕ್ಕೆ ತಿರುಗಿ ಮಾಮಾನ ಮುಖ ನೋಡಿದಳು. ಹತ್ತು ದಿನದಲ್ಲಿ ಮೊದಲ ಸಲ. ಸೋನಿಯೂ ನೋಡುತ್ತಿದ್ದ. ವಶರಾಮಭಾಯಿ ಬಗ್ಗಿ ಹರಳನ್ನು ನೋಡಿದರು, ಮುಟ್ಟಲಿಲ್ಲ.

“ಇದೆ,” ಎಂದರು. “ನೀನು ನೋಡಿದ್ದು ಸರಿ.”

ಅವಳು ಅದನ್ನು ಚಿಮಟದಿಂದ ಬದಿಗೆ ಸರಿಸಿದಳು. ಎರಡನೆಯದನ್ನು ಎತ್ತಿಕೊಳ್ಳಲು ಮೂರು ಸಲ ಪ್ರಯತ್ನ ಬೇಕಾಯಿತು. ಯಾರೂ ಅವಸರ ಮಾಡಲಿಲ್ಲ. ಮಾಳಿಗೆಯಲ್ಲಿ ನಿಮಾಯ್‌ನ ಸಣ್ಣ ಸುತ್ತಿಗೆ ಟಕ್ ಟಕ್ ಎನ್ನುತ್ತಿತ್ತು. ವಶರಾಮಭಾಯಿಯ ಮೊಣಕಾಲು ನೋಯತೊಡಗಿತ್ತು. ಅವರು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಿದರು, ಮತ್ತೆ ಬದಲಿಸಿದರು.

ಲಾಭು ಬೀದಿಯ ಕಡೆ ನೋಡುತ್ತಲೇ ಪಕ್ಕದ ಕುರ್ಚಿಯ ಮೇಲಿದ್ದ ಕೈಚೀಲವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಆ ಕುರ್ಚಿ ಅಣ್ಣನಿಗೆ ಖಾಲಿಯಾಯಿತು. ಹೇತ್ವಿ ಉಸಿರು ಬಿಗಿಹಿಡಿದು ಹರಳನ್ನು ಇನ್ನೊಂದು ಕಡೆಗೆ ವಾಲಿಸಿದಳು.